ಕುಕ್ಕರಿನಲ್ಲಿ ಬೆಂದ ಮೇಕೆ ತಲೆ, ಎಣ್ಣೆ ಸುರಿಸುವ ಹಂದಿ ಬುರುಡೆ

ಪಶುವೈದ್ಯಕೀಯ ಕಾಲೇಜೊಂದರ ಅಂಗರಚನಾ ವಿಭಾಗದಲ್ಲಿ 31 ವರ್ಷ ಮೂಳೆ ತೊಳೆದು ನಿವೃತ್ತನಾದವನು ನಾನು. ಪಾಠ ಮಾಡಿದವನಲ್ಲ. ಪಾಠಕ್ಕೆ ಬೇಕಾದ ಬುರುಡೆ, ಬೆನ್ನುಮೂಳೆ, ಕಾಲ್ಮೂಳೆಗಳನ್ನು ಸಿದ್ಧ ಮಾಡಿ ಗಾಜಿನ ಬೀರುವಿನಲ್ಲಿ ಇಡುವುದು ನನ್ನ ಕೆಲಸ. ಎರಡು ತಿಂಗಳ ಹಿಂದೆ ಇದೇ ಪುಟದಲ್ಲಿ ಕುದುರೆಯ ಹಲ್ಲು ನೋಡಿ ವಯಸ್ಸು ಹೇಳುವುದರ ಬಗ್ಗೆ ಬರೆದಿದ್ದೆ. ಕೊನೆಯಲ್ಲಿ, ಬುರುಡೆ ಶುಚಿ ಮಾಡಲು ಹೋಗಿ ಕೈ ಸುಟ್ಟುಕೊಂಡವರು ಇದ್ದರೆ ಬರೆಯಿರಿ ಅಂದಿದ್ದೆ. ಇಷ್ಟೊಂದು ಜನ ಇದ್ದೀರಿ ಅಂತ ಗೊತ್ತಿರಲಿಲ್ಲ. ಬಂದ ಕಾಗದಗಳಲ್ಲಿ ಕೆಲವು ಇಲ್ಲಿವೆ, ಒಂದೊಂದರ ಕೆಳಗೆ ನನ್ನ ಉತ್ತರ.

ಅಜ್ಜಾ, ನಾನು ಬಿಎಸ್ಸಿ ಎರಡನೇ ವರ್ಷ. ವಿಭಾಗದ ಪ್ರದರ್ಶನಕ್ಕೆಂದು ಮಟನ್ ಅಂಗಡಿಯಿಂದ ಮೇಕೆ ತಲೆ ತಂದು, ಅಮ್ಮನ ಕುಕ್ಕರಿನಲ್ಲಿ ಹತ್ತು ವಿಶಲ್ ಕೂಗಿಸಿದೆ. ಮಾಂಸ ಸಲೀಸಾಗಿ ಬಿಟ್ಟಿತು. ಬೆಳ್ಳಗಾಗಲಿ ಅಂತ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಎರಡು ದಿನ ನೆನೆಹಾಕಿದೆ. ಈಗ ಮುಟ್ಟಿದರೆ ಕೈಗೆ ಬಿಳಿ ಪುಡಿ ಹತ್ತುತ್ತದೆ. ಮೂಗಿನ ಮೂಳೆ ಕೈಗೇ ಬಂತು. ಕೆಳದವಡೆ ಎರಡು ಹೋಳಾಗಿದೆ. ಸರಿ ಮಾಡಬಹುದಾ? — ವಿದ್ಯಾರ್ಥಿನಿ, ಧಾರವಾಡ

ಮೊದಲು ಅಮ್ಮನಿಗೊಂದು ಹೊಸ ಕುಕ್ಕರ್ ಕೊಡಿಸು ಮಗಳೇ. ಆಮೇಲೆ ಬುರುಡೆಯ ಮಾತು.

ಕೆಳದವಡೆ ಎರಡಾಗಿದ್ದು ನಿನ್ನ ತಪ್ಪಲ್ಲ. ಮೇಕೆ, ಕುರಿ, ದನಗಳಲ್ಲಿ ಎಡ ಮತ್ತು ಬಲ ದವಡೆ ಗಲ್ಲದ ಹತ್ತಿರ ಕೂಡಿರುತ್ತವೆಯೇ ಹೊರತು ಬೆಸೆದುಕೊಂಡಿರುವುದಿಲ್ಲ. ನಡುವಿನ ಅಂಟು ಕೊಳೆತರೆ ಬೇರೆಯಾಗುತ್ತವೆ. ಒಣಗಿದ ಮೇಲೆ ಗೋಂದು ಹಾಕಿ ಕೂಡಿಸಿದರಾಯಿತು. ಹಂದಿ, ಕುದುರೆಗಳಲ್ಲಿ ಹೀಗಾಗುವುದಿಲ್ಲ. ಅವುಗಳ ದವಡೆ ಬೆಸೆದು ಒಂದೇ ಮೂಳೆ ಆಗಿರುತ್ತದೆ.

ಉಳಿದದ್ದೆಲ್ಲ ಕುಕ್ಕರಿನ ಕೆಲಸ. ಮೂಳೆ ಅಂದರೆ ಬರೀ ಸುಣ್ಣ ಅಂತ ಜನ ತಿಳಿದಿದ್ದಾರೆ. ಅದರ ತೂಕದಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು ಕೊಲಾಜನ್ ಅನ್ನುವ ನಾರು. ಮಣ್ಣಿನ ಗೋಡೆಗೆ ಹುಲ್ಲು ಕಲಸುತ್ತಾರಲ್ಲ, ಹಾಗೆ. ಭಾನುವಾರ ಕಾಲು ಸೂಪು ಮಾಡಿ ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆ ಜೆಲ್ಲಿಯಂತೆ ಗಟ್ಟಿಯಾಗಿರುತ್ತದೆ. ಆ ಜೆಲ್ಲಿ ಕುದಿದು ಕರಗಿದ ಕೊಲಾಜನ್ನೇ. ಸೂಪಿಗೆ ಅದು ಬಂದಷ್ಟೂ ರುಚಿ. ಬುರುಡೆಯಿಂದ ಹೋದಷ್ಟೂ ನಷ್ಟ. ಕುಕ್ಕರಿನೊಳಗೆ ಶಾಖ 120 ಡಿಗ್ರಿ ಮುಟ್ಟುತ್ತದೆ. ನೀನು ಹತ್ತು ವಿಶಲ್ ಕೂಗಿಸಿದೆ. ಗೋಡೆಯ ಹುಲ್ಲೆಲ್ಲ ಎಳೆದುಹಾಕಿದಂತಾಯಿತು. ಅಲ್ಪಸ್ವಲ್ಪ ಉಳಿದಿದ್ದನ್ನು ಬ್ಲೀಚಿಂಗ್ ಪೌಡರ್ ತಿಂದಿತು. ಅದು ಬುರುಡೆಯನ್ನು ಬೆಳ್ಳಗೆ ಮಾಡುವುದೇನೋ ನಿಜ, ಮಾಡುವುದು ಮಾತ್ರ ಮೂಳೆಯ ನಾರನ್ನು ಕರಗಿಸಿ. ತೊಳೆದ ಮೇಲೂ ಮೂಳೆಯ ಸಣ್ಣ ತೂತುಗಳಲ್ಲಿ ಕೂತು ಕೆಲಸ ಮುಂದುವರಿಸುತ್ತದೆ. ಬಟ್ಟೆ ಒಗೆಯುವ ಬ್ಲೀಚು, ಗೋಡೆಗೆ ಬಳಿಯುವ ಸುಣ್ಣ, ಕಾಸ್ಟಿಕ್ ಸೋಡಾ ಎಲ್ಲ ಇದೇ ಜಾತಿ.

ನಿನಗೆ ಬೈಯುವ ಯೋಗ್ಯತೆ ನನಗಿಲ್ಲ, ಬಿಡು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ಕುದುರೆ ತಲೆಯನ್ನು ಬಾಯ್ಲರಿನಲ್ಲಿ ಕಾಸ್ಟಿಕ್ ಸೋಡಾ ಹಾಕಿ ಕುದಿಯಲು ಇಟ್ಟು ಮನೆಗೆ ಹೋಗಿ ಮಲಗಿದೆ. ಬೇಗ ಮುಗಿಸಿ ಮೆಚ್ಚುಗೆ ಪಡೆಯುವ ಆಸೆ. ಬೆಳಿಗ್ಗೆ ಬಂದು ಎತ್ತಿದರೆ, ಮುಖದ ಭಾಗ ಟೀಗೆ ಅದ್ದಿದ ಬಿಸ್ಕತ್ತಿನ ಹಾಗೆ ಕಳಚಿ ನೀರಿಗೆ ಬಿತ್ತು. ದವಡೆಹಲ್ಲುಗಳು ಒಂದೊಂದೂ ಉದ್ದಕ್ಕೆ ಸೀಳಿದ್ದವು. ನಮ್ಮ ಪ್ರೊಫೆಸರರು ನೋಡಿ ಏನೂ ಅನ್ನಲಿಲ್ಲ. ಆ ಚೂರುಗಳನ್ನು ಒಂದು ಟ್ರೇಯಲ್ಲಿ ಹಾಕಿಸಿ ನನ್ನ ಮೇಜಿನ ಎದುರಿಗೇ ಇಡಿಸಿದರು. ಅವರು ನಿವೃತ್ತರಾಗುವವರೆಗೂ ಟ್ರೇ ಅಲ್ಲೇ ಇತ್ತು.

ಈಗಿರುವ ಬುರುಡೆಯನ್ನು ಒಂದು ವಾರ ಬರೀ ನೀರಿನಲ್ಲಿಡು. ದಿನಾ ನೀರು ಬದಲಿಸು. ನೆರಳಿನಲ್ಲಿ ಪೂರ್ತಿ ಒಣಗಿಸು. ಒಂದು ಪಾಲು ಫೆವಿಕಾಲಿಗೆ ಹತ್ತು ಪಾಲು ನೀರು ಬೆರೆಸಿ, ಮೆತ್ತನೆ ಬ್ರಷ್ಷಿನಿಂದ ಎರಡು ಮೂರು ಸಲ ಕುಡಿಸು. ಪುಡಿ ಉದುರುವುದು ನಿಲ್ಲುತ್ತದೆ. ಮ್ಯೂಸಿಯಂಗಳಲ್ಲಿ ಇದಕ್ಕೆ ಪ್ಯಾರಲಾಯ್ಡ್ ಬಿ-72 ಅನ್ನುವ ರಾಳವನ್ನು ಅಸಿಟೋನಿನಲ್ಲಿ ಕರಗಿಸಿ ಹಚ್ಚುತ್ತಾರೆ. ಬೇಡವಾದಾಗ ಮತ್ತೆ ತೆಗೆಯಬಹುದು ಅನ್ನುವುದು ಅದರ ಗುಣ.

ಮುಂದಿನ ಸಲ ಅಂಗಡಿಯಲ್ಲೇ ಜೋಪಾನ ಶುರುವಾಗಬೇಕು. ತಲೆಮಾಂಸ ಕೊಡಿ ಅಂದರೆ ಅವರು ಬೆಂಕಿಯಲ್ಲಿ ಸುಟ್ಟು, ಮಚ್ಚಿನಿಂದ ಎರಡು ಹೋಳು ಮಾಡಿ ಕೊಡುತ್ತಾರೆ. ‘ಸುಡಬೇಡಿ, ಒಡೆಯಬೇಡಿ, ಚರ್ಮ ಸುಲಿದು ಇಡೀ ಕೊಡಿ’ ಅಂತ ಮೊದಲೇ ಹೇಳು. ಕಣ್ಣು, ನಾಲಿಗೆ, ಕೈಗೆ ಸಿಕ್ಕ ಮಾಂಸ ತೆಗಿ. ಕತ್ತಿನ ಕಡೆಯ ದೊಡ್ಡ ತೂತಿನಿಂದ ಕೊಕ್ಕೆ ತಂತಿ ಹಾಕಿ ಮಿದುಳನ್ನು ಕಲಕಿ, ನೀರು ಬಿಟ್ಟು ಹೊರಗೆ ತೊಳಿ. ತೂತು ಚಿಕ್ಕದಾಯಿತೆಂದು ಒಡೆದು ಅಗಲ ಮಾಡುವವರಿದ್ದಾರೆ, ಅದು ಬೇಡ. ಆಮೇಲೆ ಮುಚ್ಚಳ ಇರುವ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮುಳುಗುವಷ್ಟು ನೀರು ಹಾಕಿ ಕೊಳೆಯಲು ಬಿಡು. ಅಷ್ಟೇ. ನನಗೆ ಬೇಸಿಗೆಯಲ್ಲಿ ಮೇಕೆ ತಲೆಗೆ ಎರಡು ಮೂರು ವಾರ ಹಿಡಿಯುತ್ತಿತ್ತು, ಡಿಸೆಂಬರಿನಲ್ಲಿ ಅದರ ಎರಡರಷ್ಟು. ನಾರುವ ನೀರನ್ನು ಒಂದೇ ಸಲ ಪೂರ್ತಿ ಚೆಲ್ಲಬಾರದು. ಮಾಂಸ ತಿನ್ನುವ ಬ್ಯಾಕ್ಟೀರಿಯ ಇರುವುದು ಅದರಲ್ಲೇ. ಮೊಸರಿಗೆ ಹೆಪ್ಪು ಉಳಿಸುವಂತೆ ಕಾಲುಭಾಗ ಉಳಿಸಿ ಹೊಸ ನೀರು ಹಾಕು. ಚೆಲ್ಲುವಾಗ ಜರಡಿ ಹಿಡಿ. ಮುಂದಿನ ಎಂಟು ಹಲ್ಲುಗಳಿಗೆ ಒಂದೊಂದೇ ಬೇರು, ಖಂಡಿತ ಉದುರುತ್ತವೆ.

ಸರ್, ನಮ್ಮೂರು ಚನ್ನರಾಯಪಟ್ಟಣದ ಕಡೆ. 17 ವರ್ಷ ನಮ್ಮಲ್ಲಿ ದುಡಿದ ಹಳ್ಳಿಕಾರ್ ಎತ್ತು ಹೋದ ವರ್ಷ ಮುಪ್ಪಿನಿಂದ ಸತ್ತಿತು. ತೋಟದಲ್ಲೇ ಹೂಳಿದೆವು. ಅಪ್ಪನಿಗೆ ಅದರ ನೆನಪು ಜಾಸ್ತಿ. ಕೊಂಬಿನ ಸಮೇತ ಬುರುಡೆ ತೆಗೆದು ಜಗುಲಿಯಲ್ಲಿ ಇಡೋಣ ಅಂತ ಅಪ್ಪನಿಗೆ ಹೇಳದೆ ಅಗೆದೆ. ಬುರುಡೆ ಕಂದು ಬಣ್ಣಕ್ಕೆ ತಿರುಗಿದೆ. ಒಂದು ಕೊಂಬು ಕಳಚಿ ಬಂತು. ಮೇಲ್ದವಡೆಯ ಮುಂದಿನ ಹಲ್ಲುಗಳಿಗಾಗಿ ಎರಡು ದಿನ ಮಣ್ಣು ಜರಡಿ ಹಿಡಿದೆ, ಒಂದೂ ಸಿಗಲಿಲ್ಲ. — ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಅಪ್ಪನಿಗೆ ಹೇಳಿದ್ದರೆ ಎರಡು ದಿನ ಉಳಿಯುತ್ತಿತ್ತು ತಮ್ಮಾ. ದನಕ್ಕೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲೇ ಇರುವುದಿಲ್ಲ. ಅಲ್ಲಿ ಗಟ್ಟಿ ವಸಡಿನ ದಿಂಡು ಇರುತ್ತದೆ, ಹುಲ್ಲನ್ನು ಕೆಳಗಿನ ಹಲ್ಲು ಅದಕ್ಕೆ ಒತ್ತಿ ಹರಿಯುತ್ತದೆ. ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಕೆಳತುಟಿ ಎಳೆದು ನೋಡುವುದು ಅದಕ್ಕೇ. ಕೆಳಗಿನ ಎಂಟನ್ನು ಹುಡುಕು. 17 ವರ್ಷ ದುಡಿದ ಎತ್ತಿನವು ಸವೆದು ಸಣ್ಣ ಗೂಟಗಳಂತೆ ಆಗಿರುತ್ತವೆ, ಕಲ್ಲು ಅಂತ ಎಸೆದುಬಿಟ್ಟೀಯ.

ಎತ್ತು ಮುಪ್ಪಿನಿಂದ ಸತ್ತಿತು ಅಂದೆಯಲ್ಲ, ಒಳ್ಳೆಯದಾಯಿತು. ಇದನ್ನು ಓದುವ ಬೇರೆಯವರಿಗೆ ಒಂದು ಮಾತು ಹೇಳಲೇಬೇಕು. ಚೆನ್ನಾಗಿದ್ದ ದನವೋ ಕುರಿಯೋ ಇದ್ದಕ್ಕಿದ್ದಂತೆ ಸತ್ತು, ಮೂಗಿನಿಂದ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರೆ ಅದು ಅಂಥ್ರಾಕ್ಸ್ ಇರಬಹುದು, ನೆರಡಿ ರೋಗ ಅಂತಾರಲ್ಲ, ಅದು. ಅಂಥ ಹೆಣವನ್ನು ಕೊಯ್ಯಬಾರದು, ಸುಲಿಯಬಾರದು. ಪಶುವೈದ್ಯರಿಗೆ ಹೇಳಿ, ಅವರು ಹೇಳಿದಂತೆ ವಿಲೇವಾರಿ ಮಾಡಿ. ಹೂಳಿದ ಜಾಗವನ್ನು ಎಂದಿಗೂ ಅಗೆಯಬಾರದು. ಆ ರೋಗಾಣು ಮಣ್ಣಿನಲ್ಲಿ ಹತ್ತಾರು ವರ್ಷ ಜೀವ ಹಿಡಿದಿರುತ್ತದೆ. ಬುರುಡೆಯ ಆಸೆ ಅಲ್ಲಿಗೇ ಬಿಡಬೇಕು. ಹುಚ್ಚು ಹಿಡಿದಿದ್ದ ಅನುಮಾನ ಇರುವ ನಾಯಿಯ ತಲೆಯೂ ಹಾಗೆಯೇ. ನಾನು 31 ವರ್ಷದಲ್ಲಿ ಗುರುತಿಲ್ಲದ ಬೀದಿ ನಾಯಿಯ ತಲೆ ಒಂದನ್ನೂ ಮುಟ್ಟಿಲ್ಲ.

ಈಗ ನಿನ್ನ ಎತ್ತು. ಮಣ್ಣಿನಲ್ಲಿ ಹೂಳುವುದು ಕೆಟ್ಟ ವಿಧಾನ ಅಂತ ನಾನು ಹೇಳುವುದಿಲ್ಲ, ನಮ್ಮ ಹಿರಿಯರೂ ಮಾಡಿದ್ದು ಅದನ್ನೇ. ಆದರೆ ಅದರ ಬೆಲೆ ತೆರಬೇಕು. ಮಣ್ಣಿನ ಬಣ್ಣ ಮೂಳೆಗೆ ಇಳಿಯುತ್ತದೆ, ಬೇರುಗಳು ಗೆರೆ ಕೊರೆಯುತ್ತವೆ. ಆ ಕಂದು ಪೂರ್ತಿ ಹೋಗುವುದಿಲ್ಲ. ಉಜ್ಜಿ ಉಜ್ಜಿ ಬಿಳಿ ಮಾಡಲು ಹೋಗಬೇಡ. ಅದು ನಿಮ್ಮ ತೋಟದ ಮಣ್ಣಿನ ಬಣ್ಣ, ಇರಲಿ ಬಿಡು. ಮಣ್ಣನ್ನು ಉಗುರುಬೆಚ್ಚನೆ ನೀರು, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತೆಗಿ. ಮೂಗಿನೊಳಗೆ ಹಪ್ಪಳದಂಥ ತೆಳು ಸುರುಳಿ ಮೂಳೆಗಳಿವೆ, ಮಣ್ಣಿನ ಗಡ್ಡೆ ಅಂತ ತಂತಿ ಹಾಕಿ ಕೆದಕಬೇಡ. ಬಿಸಿಲಿಗೂ ಇಡಬೇಡ. ಒಂದು ವರ್ಷ ತೇವದಲ್ಲಿದ್ದ ಮೂಳೆ ಮೂರು ಗಂಟೆಯ ಬಿಸಿಲಿಗೆ ಬಿರುಕು ಬಿಡುತ್ತದೆ. ಗೋಣಿಚೀಲದ ಮೇಲೆ, ನೆರಳಿನಲ್ಲಿ, ಎರಡು ವಾರ ಒಣಗಲಿ.

ಕೊಂಬು ಕಳಚಿದ್ದಕ್ಕೆ ಗಾಬರಿಯಾಗಬೇಡ, ಇನ್ನೊಂದನ್ನೂ ಕಳಚಬೇಕು. ನಾವು ಕೊಂಬು ಅನ್ನುವುದು ಹೊರಗಿನ ಪೊರೆ. ಉಗುರಿನ ಹಾಗೆ ಕೆರಾಟಿನ್. ಒಳಗೆ ಮೂಳೆಯ ತಿರುಳು ಇರುತ್ತದೆ, ಅದು ಟೊಳ್ಳು, ಹಣೆಯ ಒಳಗಿನ ಪೊಟರೆಗೆ ಸೇರಿಕೊಂಡಿರುತ್ತದೆ. ಪೊರೆಗೂ ತಿರುಳಿಗೂ ನಡುವೆ ಉಳಿದ ಮಾಂಸ ತೆಗೆಯದೆ ಜಗುಲಿಯಲ್ಲಿ ತೂಗುಹಾಕಿದವರು ಮೊದಲ ಮಳೆಗೇ ಮೂಗು ಮುಚ್ಚಿಕೊಂಡಿದ್ದಾರೆ. ಎರಡನೇ ಕೊಂಬನ್ನು ಬುಡದವರೆಗೆ ನೀರಿನಲ್ಲಿ ನೆನೆಸಿ, ಮೆಲ್ಲಗೆ ತಿರುಚಿ ಎಳಿ. ಬರದಿದ್ದರೆ ಇನ್ನೂ ನೆನೆಸು, ಗರಗಸ ಬೇಡ. ಹಳ್ಳಿಕಾರಿನ ಕೊಂಬು ಉದ್ದ, ಹಿಂದಕ್ಕೆ ಬಾಗಿರುತ್ತದೆ. ಹಾರೆ ಹಾಕಿ ಎಬ್ಬಿದರೆ ಒಳಗಿನ ತಿರುಳು ಮುರಿಯುತ್ತದೆ. ಒಳಗೆಲ್ಲ ತೊಳೆದು ಬೇರೆ ಬೇರೆ ಒಣಗಿಸಿ, ಎಡ ಬಲ ಗುರುತು ಹಾಕಿಟ್ಟು, ಕೊನೆಗೆ ಮತ್ತೆ ತೊಡಿಸು. ಪೊರೆಗೆ ಬ್ಲೀಚು, ಬಿಳಿ ಮಾಡಲು ಬಳಸುವ ಹೈಡ್ರೋಜನ್ ಪೆರಾಕ್ಸೈಡು, ಕುದಿನೀರು ಯಾವುದೂ ತಾಗಬಾರದು. ಕೊಂಬಿನ ತುದಿಗೆ ತೊಡಿಸುವ ಕೋಡಣಸು ಇದ್ದರೆ ತೆಗೆದು ಒಣಗಿಸಿ ಆಮೇಲೆ ಹಾಕು, ತೇವಕ್ಕೆ ಹಿತ್ತಾಳೆ ಹಸಿರು ಕಟ್ಟುತ್ತದೆ.

ಅಪ್ಪನಿಗೆ ಈಗಲಾದರೂ ಹೇಳು. ಕೊಂಬು ಹೆರೆದು ನಯ ಮಾಡುವುದು ನಿನಗಿಂತ ನನಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ಮನೆಯಲ್ಲಿ ಬುರುಡೆ ಇಡುವುದು ಅಪಶಕುನ. ಇಂಥದ್ದನ್ನು ಪತ್ರಿಕೆಯಲ್ಲಿ ಬರೆದು ಮಕ್ಕಳನ್ನು ಕೆಡಿಸುತ್ತಿದ್ದೀರಿ. — ಹಿತೈಷಿ, ಮೈಸೂರು

ನನ್ನ ಹೆಂಡತಿಯದ್ದೂ ಇದೇ ಮಾತು ಸ್ವಾಮಿ. ನಮ್ಮ ಮನೆಯಲ್ಲಿ ಒಂದೂ ಇಲ್ಲ.

ನಾವು ಸಾಕಿದ ಹಂದಿಯ ಬುರುಡೆ. ಕೊಳೆಸಿ, ತೊಳೆದು, ಪೆರಾಕ್ಸೈಡಿನಲ್ಲಿ ಬಿಳಿ ಮಾಡಿ, ಮರಕ್ಕೆ ಹಚ್ಚುವ ವಾರ್ನಿಶ್ ಹೊಡೆದೆ. ಹೊಳೆಯುತ್ತಿತ್ತು. ಆರು ತಿಂಗಳಲ್ಲಿ ದವಡೆ ಜೇನಿನ ಬಣ್ಣಕ್ಕೆ ತಿರುಗಿ, ಶೆಲ್ಫಿನ ಮೇಲೆ ಎಣ್ಣೆ ಕಲೆ ಬಿದ್ದಿದೆ. ಧೂಳೆಲ್ಲ ಅಂಟುತ್ತದೆ, ಹಳೇ ಎಣ್ಣೆ ವಾಸನೆ ಬೇರೆ. — ಓದುಗ, ವಿರಾಜಪೇಟೆ

ನನಗೆ ಬಂದ ಕಾಗದಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇದೇ ದೂರು. ಪ್ರಾಣಿ ಮಾತ್ರ ಬೇರೆ ಬೇರೆ.

ಬುರುಡೆ ಬೆಳ್ಳಗಿದ್ದರೆ ಶುಚಿಯಾಯಿತು ಅಂತ ಲೆಕ್ಕ ಹಾಕುತ್ತೀರಿ. ಮಾಂಸ ಹೋದ ಮೇಲೂ ಮೂಳೆಯ ಒಳಗೆ, ಸ್ಪಂಜಿನಂಥ ಗೂಡುಗಳಲ್ಲಿ, ಕೊಬ್ಬು ತುಂಬಿರುತ್ತದೆ. ಪೆರಾಕ್ಸೈಡ್ ಮೇಲಿನ ಬಣ್ಣ ತೆಗೆಯುತ್ತದೆ, ಒಳಗಿನ ಜಿಡ್ಡು ತೆಗೆಯುವುದಿಲ್ಲ. ಆಮೇಲೆ ಆ ಜಿಡ್ಡು ದಿನಾ ಒಂದಿಷ್ಟು ಹೊರಗೆ ಬರುತ್ತದೆ. ವಾರ್ನಿಶ್ ಹೊಡೆದರೆ ಒಳಗೇ ಸಿಕ್ಕಿಕೊಂಡು ಮುಗ್ಗುತ್ತದೆ. ಹಂದಿಯ ಬುರುಡೆ ಇದರಲ್ಲಿ ಎಲ್ಲಕ್ಕಿಂತ ಕಷ್ಟದ್ದು. ಜಿಡ್ಡು ಬಿಡಲು ಮೇಕೆಗೆ ಒಂದು ತಿಂಗಳು ಸಾಕಾದರೆ ಹಂದಿಗೆ ಐದಾರು ತಿಂಗಳು ಇಟ್ಟುಕೊಳ್ಳಿ. ಒಂದು ಬಿಳಿ ಹಂದಿಯ ಬುರುಡೆಗೆ ನಾನು ಹನ್ನೊಂದು ತಿಂಗಳು ನೀರು ಬದಲಿಸಿದ್ದೇನೆ. ಕಾಲೇಜಿನಲ್ಲಿ ಸಂಬಳ ಕೊಡುತ್ತಿದ್ದರು, ಬದಲಿಸಿದೆ.

ಮೊದಲು ವಾರ್ನಿಶ್ ತೆಗೆಯಿರಿ. ಅರಗಿನ ಪಾಲಿಶ್ ಆದರೆ ಸ್ಪಿರಿಟ್ಟಿಗೆ ಬಿಡುತ್ತದೆ. ಬೇರೆಯದಾದರೆ ಥಿನ್ನರ್ ಅಥವಾ ಅಸಿಟೋನ್ ಬಟ್ಟೆಗೆ ಹಚ್ಚಿ ಒರೆಸಬೇಕು. ಅಂಗಳದಲ್ಲಿ ಮಾಡಿ, ಬೀಡಿ ಸಿಗರೇಟು ದೂರ ಇರಲಿ. ಪೆಟ್ರೋಲಿನಲ್ಲಿ ಮುಳುಗಿಸಿದರೆ ಬೇಗ ಆಗುತ್ತದೆ ಅಂತ ಯಾರೋ ಹೇಳಿಯೇ ಹೇಳುತ್ತಾರೆ. ಆಗುತ್ತದೆ, ನಿಜ. ಮನೆಯೂ ಬೇಗ ಸುಡುತ್ತದೆ.

ಆಮೇಲೆ ಬಕೆಟ್ಟು, ಕೈ ತಡೆಯುವಷ್ಟು ಬಿಸಿ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ಡು. ಲಿಕ್ವಿಡ್ಡು ಧಾರಾಳವಾಗಿ ಇರಲಿ. ನೀರು ತಣ್ಣಗಾದರೆ ಕೊಬ್ಬು ಕದಲುವುದಿಲ್ಲ, ಹಾಗಂತ ಕುದಿಸಿದರೆ ಕಾಲು ಸೂಪಿನ ಕಥೆಯೇ. ಮೀನಿನ ತೊಟ್ಟಿಗೆ ಹಾಕುವ ಹೀಟರ್ ಇದ್ದರೆ ಹಗಲು ರಾತ್ರಿ ಬೆಚ್ಚಗೆ ಇಡಬಹುದು. ಅದು ಯಾವಾಗಲೂ ನೀರಿನೊಳಗೇ ಮುಳುಗಿರಬೇಕು. ನೀರು ಮಬ್ಬಾಗಿ ಮೇಲೆ ಎಣ್ಣೆ ಪೊರೆ ಕಟ್ಟಿದಾಗ ಬದಲಿಸಿ. ಮೊದಲು ಮೂರು ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ, ಆಮೇಲೆ ನಿಮ್ಮ ತಾಳ್ಮೆ ಇದ್ದಂತೆ. ಲಿಕ್ವಿಡ್ಡಿಗೆ ಬ್ಲೀಚು ಮಾತ್ರ ಬೆರೆಸಬೇಡಿ, ಕೆಲವದರ ಜೊತೆ ಸೇರಿದರೆ ವಿಷದ ಗಾಳಿ ಏಳುತ್ತದೆ.

ಜಿಡ್ಡು ಹೋಯಿತೋ ಇಲ್ಲವೋ ಅಂತ ಒದ್ದೆಯಲ್ಲಿ ತಿಳಿಯುವುದಿಲ್ಲ. ನೆರಳಿನಲ್ಲಿ ಒಂದು ವಾರ ಒಣಗಿಸಿ ಬೆಳಕಿಗೆ ಹಿಡಿಯಿರಿ. ದವಡೆಯ ತಳ, ಕೆನ್ನೆಯ ಕಮಾನು, ಕತ್ತು ಕೂಡುವ ಜಾಗ, ಈ ಮೂರು ಕಡೆ ಎಣ್ಣೆ ಕಾಗದದಂತೆ ಹಳದಿ ತೇಪೆ ಕಂಡರೆ ಮತ್ತೆ ಬಕೆಟ್ಟಿಗೆ. ಎಲ್ಲ ಮುಗಿದ ಮೇಲೆ ವಾರ್ನಿಶ್ ಬೇಡ. ಮೂಳೆಗೆ ಹೊಳಪು ಯಾಕೆ ಬೇಕು ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ನಾನು ಹುಬ್ಬಳ್ಳಿಯಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತೇನೆ. ನನ್ನ ತಮ್ಮ, ಕುರಿಯ ಬುರುಡೆಗೆ ಹಚ್ಚಲು, ಕೂದಲಿಗೆ ಬಣ್ಣ ಹಾಕುವಾಗ ಬೆರೆಸುವ ನಮ್ಮ 40 ವಾಲ್ಯೂಮ್ ಡೆವಲಪರ್ ಕ್ರೀಮ್ ಕೇಳುತ್ತಿದ್ದಾನೆ. ಕೊಡಬಹುದಾ ಕಾಕಾ?

ಕೊಡಬಹುದವ್ವಾ, ದುಡ್ಡು ಇಸಕೊಂಡು ಕೊಡು. ನಿಮ್ಮ ಕ್ರೀಮಿನಲ್ಲಿರುವುದೂ ಹೈಡ್ರೋಜನ್ ಪೆರಾಕ್ಸೈಡೇ, 40 ವಾಲ್ಯೂಮ್ ಅಂದರೆ ಸುಮಾರು ಶೇಕಡಾ 12. ಔಷಧಿ ಅಂಗಡಿಯ ಬಾಟಲಿಯಲ್ಲಿ 20 ವಾಲ್ಯೂಮ್, ಅಂದರೆ ಶೇಕಡಾ 6. ಬುರುಡೆಗೆ ಅದನ್ನೂ ಅರ್ಧಕ್ಕರ್ಧ ನೀರು ಬೆರೆಸಿ 3 ಮಾಡಿದರೆ ಸಾಕು. ಕ್ರೀಮು ಒಂದು ಕಡೆ ದಪ್ಪ, ಒಂದು ಕಡೆ ತೆಳುವಾಗಿ ಕೂತು ಪಟ್ಟೆ ಪಟ್ಟೆಯಾಗಿ ಬಿಳಿಯಾಗುತ್ತದೆ. ಕೊಂಬು ಬಿಡದೆ ಅಂಟಿಕೊಂಡು ಬುರುಡೆಯನ್ನು ನೆನೆಹಾಕಲಾಗದಿದ್ದರೆ ಕ್ರೀಮು ಅನುಕೂಲ, ಇಲ್ಲದಿದ್ದರೆ ನೆನೆಹಾಕುವುದೇ ಮೇಲು.

ತಮ್ಮನಿಗೆ ಎರಡು ವಿಷಯ ಒತ್ತಿ ಹೇಳು. ಜಿಡ್ಡು ತೆಗೆದ ಮೇಲೆಯೇ ಇದು. ಇನ್ನೊಂದು, ಮುಚ್ಚಳ ಬಿಗಿ ಮಾಡಬಾರದು. ಪೆರಾಕ್ಸೈಡ್ ಒಡೆದು ಆಮ್ಲಜನಕ ಏಳುತ್ತಲೇ ಇರುತ್ತದೆ. ನಮ್ಮ ವಿಭಾಗದಲ್ಲಿ ಒಬ್ಬ ಹುಡುಗ ಬಳಸಿದ ಪೆರಾಕ್ಸೈಡನ್ನು ವ್ಯರ್ಥವಾಗಬಾರದೆಂದು ವಾಪಸ್ ಬಾಟಲಿಗೆ ಸುರಿದು ಬಿರಡೆ ಬಿಗಿದಿದ್ದ. ಮೂಳೆಯ ಕಸರು ಸೇರಿದ ಮೇಲೆ ಅದು ಇನ್ನೂ ಜೋರಾಗಿ ಒಡೆಯುತ್ತದೆ. ಮಧ್ಯಾಹ್ನ ಊಟದ ಹೊತ್ತಿಗೆ ಬಿರಡೆ ಹಾರಿ ಟ್ಯೂಬ್‌ಲೈಟಿಗೆ ಬಡಿಯಿತು. ಯಾರೂ ಒಳಗಿರಲಿಲ್ಲ, ಪುಣ್ಯ. ಲೋಹದ ಪಾತ್ರೆ ಬೇಡ, ಬಿಸಿ ಮಾಡುವುದು ಬೇಡ, ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ. ಕೆಲವು ಗಂಟೆಗೊಮ್ಮೆ ಎತ್ತಿ ನೋಡಿ, ಒಂದು ದಿನದಲ್ಲಿ ಸಾಕು ಅನ್ನಿಸಿದರೆ ಸಾಕು ಮಾಡಲಿ. ಕಾಗದದ ಬಿಳಿ ಬರುವವರೆಗೆ ಕಾಯಬಾರದು. ಒಳ್ಳೆಯ ಬುರುಡೆಯ ಬಣ್ಣ ಕೆನೆಯದ್ದು.

ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಬಕೆಟ್ಟಿಟ್ಟು ಕುರಿ ತಲೆ ಕೊಳೆಸಬಹುದಾ? ವಾಸನೆಗೆ ಏನಾದರೂ ಹಾಕಬಹುದಾ? — ಓದುಗ, ಬೆಂಗಳೂರು

ಬೇಡ. ಡೆಟಾಲ್, ಫಿನಾಯಿಲ್, ಉಪ್ಪು ಏನು ಹಾಕಿದರೂ ಕೊಳೆಸುವ ಬ್ಯಾಕ್ಟೀರಿಯ ಸಾಯುತ್ತದೆ, ವಾಸನೆ ಉಳಿಯುತ್ತದೆ. ನಲ್ಲಿ ನೀರಿನ ಕ್ಲೋರಿನ್ನೂ ಅದಕ್ಕೆ ಆಗದು, ಒಂದು ದಿನ ತೆರೆದಿಟ್ಟು ಬಳಸಬೇಕು. ಊರಲ್ಲಿ ತೋಟ ಇರುವ ನೆಂಟರಿದ್ದರೆ ಅಲ್ಲಿಡಿ, ನೀರನ್ನು ತೆಂಗಿನ ಬುಡಕ್ಕೆ ಹಾಕಲಿ. ನಾನು ಒಂದು ಸಲ ಆ ನೀರನ್ನು ಹಾಸ್ಟೆಲ್ಲಿನ ಕಡೆಯ ಚರಂಡಿಗೆ ಬಿಟ್ಟೆ. ಅವತ್ತು ರಾತ್ರಿ ಹುಡುಗರು ಊಟ ಬಿಟ್ಟು ಗಲಾಟೆ ಮಾಡಿದರು. ಮೆಸ್ಸಿನವರ ಮೇಲೆ ಹೋಯಿತು ತಪ್ಪು. ನಾನು ಬಾಯಿ ಬಿಡಲಿಲ್ಲ, ಈಗ ಬರೆಯುತ್ತಿದ್ದೇನೆ.

ವಿದೇಶದ ಮ್ಯೂಸಿಯಂಗಳಲ್ಲಿ ಮಾಂಸ ತಿನ್ನುವ ದುಂಬಿ ಸಾಕಿ ಬುರುಡೆ ಶುಚಿ ಮಾಡುವ ವಿಡಿಯೋ ನೋಡಿದೆ. ಮನೆಯಲ್ಲಿ ಸಾಕಬಹುದೇ? ನಮ್ಮದು ರೇಷ್ಮೆ ಬಿಚ್ಚಣಿಕೆಯ ಮನೆ. — ಓದುಗ, ರಾಮನಗರ

ಅಯ್ಯೋ ಮಾರಾಯ, ಕೊನೆಯ ವಾಕ್ಯ ಬರೆಯುವಾಗಲಾದರೂ ಯೋಚನೆ ಬರಲಿಲ್ಲವೇ?

ಅದು ಡರ್ಮೆಸ್ಟಿಡ್ ಅನ್ನುವ ದುಂಬಿ. ಅದರ ಕೂದಲು ಕೂದಲಾದ ಮರಿಹುಳು ಒಣಗಿದ ಮಾಂಸವನ್ನು ಎಷ್ಟು ನಾಜೂಕಾಗಿ ತಿನ್ನುತ್ತದೆ ಅಂದರೆ, ಇಲಿಯಂಥ ಪುಟ್ಟ ಬುರುಡೆಯ ಕೂದಲೆಳೆಯ ಮೂಳೆಯೂ ಅಲುಗುವುದಿಲ್ಲ. ಆ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಕೆಲಸಗಾರ ಇಲ್ಲ. ಹಸಿ ಮಾಂಸ, ಒದ್ದೆ, ಬೂಸ್ಟು ಅದಕ್ಕಾಗದು. ಕತ್ತಲೆ, ಬೆಚ್ಚಗಿನ ಜಾಗ ಬೇಕು. ಅದನ್ನು ಸಾಕುವ ಮ್ಯೂಸಿಯಂಗಳು ಪ್ರದರ್ಶನದ ಕಟ್ಟಡದಿಂದ ದೂರ, ಬೇರೆಯದೇ ಕೋಣೆಯಲ್ಲಿ ಇಡುತ್ತವೆ. ತಪ್ಪಿಸಿಕೊಂಡರೆ ಅದೇ ಹುಳು ತೊಗಲು, ಉಣ್ಣೆ, ತುಂಬಿಸಿಟ್ಟ ಪ್ರಾಣಿ ಎಲ್ಲ ತಿಂದು ಮುಗಿಸುತ್ತದೆ.

ನಿಮ್ಮ ಮನೆಯಲ್ಲಿ ಅದಕ್ಕೆ ಹಬ್ಬ. ರೇಷ್ಮೆಗೂಡಿನ ಒಳಗೆ ಸತ್ತು ಒಣಗಿದ ಹುಳು, ಅಂದರೆ ಕೋಶ, ಇದೆಯಲ್ಲ, ಅದರ ವಾಸನೆಗೇ ಈ ಜಾತಿಯ ದುಂಬಿಗಳು ಗೂಡಿನ ಉಗ್ರಾಣಕ್ಕೆ ಮುತ್ತುತ್ತವೆ. ರೇಷ್ಮೆಯವರಿಗೆ ಅದು ಹಳೇ ಶತ್ರು. ತೂತು ಬಿದ್ದ ಗೂಡಿನಿಂದ ನೂಲು ಬಿಚ್ಚಲಾಗುವುದಿಲ್ಲ. ಒಳ್ಳೆಯ ಬೈವೋಲ್ಟೀನ್ ತಳಿಯ ಗೂಡಿನಲ್ಲಿ ಸಾವಿರ ಮೀಟರಿನ ಹತ್ತಿರ ಒಂದೇ ಎಳೆ ಇರುತ್ತದೆ, ಒಂದು ತೂತಿಗೆ ಅದು ನೂರು ಚೂರು. ನಿಮ್ಮ ತಂದೆಯವರಿಗೆ ಈ ಕಾಗದದ ವಿಷಯ ತಿಳಿಸಬೇಡಿ. ನಾನೂ ತಿಳಿಸುವುದಿಲ್ಲ.

ನಮ್ಮ ಕಾಫಿ ತೋಟದಲ್ಲಿ ಕಡವೆಯ ಕೊಂಬು ಉದುರಿದ್ದು ಸಿಕ್ಕಿತು. ಅದರ ಹತ್ತಿರವೇ ಚಿರತೆಯದ್ದು ಅನ್ನಿಸುವ ಹಳೇ ಬುರುಡೆ. ನಾವು ಕೊಂದಿಲ್ಲ. ಶುಚಿ ಮಾಡುವ ವಿಧಾನ ತಿಳಿಸಿ. — ಬೆಳೆಗಾರ, ಚಿಕ್ಕಮಗಳೂರು ಜಿಲ್ಲೆ

ವಿಧಾನ ಹೇಳುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಸತ್ತು ಸಿಕ್ಕ ಕಾಡುಪ್ರಾಣಿಯೂ ಸರ್ಕಾರದ ಆಸ್ತಿ. ಕೈಗೆ ಬಂದ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕಾರ ಇರುವ ಅರಣ್ಯ ಅಧಿಕಾರಿಗೋ ತಿಳಿಸಬೇಕು. ಕೊಂದಿಲ್ಲ, ಬಿದ್ದಿತ್ತು, ಎತ್ತಿಕೊಂಡೆ ಅಂದರೆ ನಡೆಯುವುದಿಲ್ಲ. ಕಡವೆಯ ಕೊಂಬು ತಾನಾಗಿ ಉದುರಿದ್ದೇ ಇರಲಿ, ಅದಕ್ಕೂ ಇದೇ. ಉದುರಿದ ನವಿಲುಗರಿಗೆ ರಿಯಾಯಿತಿ ಇದೆ ಅಂತ ಎಲ್ಲದಕ್ಕೂ ಇದೆ ಅಂದುಕೊಳ್ಳಬೇಡಿ. 2023ರ ಅಕ್ಟೋಬರಿನಲ್ಲಿ ಹುಲಿ ಉಗುರಿನ ಲಾಕೆಟ್ಟಿನ ಗಲಾಟೆ ಎದ್ದಾಗ ಎಷ್ಟು ಮನೆಗಳಲ್ಲಿ ಅಜ್ಜನ ಪೆಟ್ಟಿಗೆ ತೆರೆದು ನೋಡಿದರು, ನೆನಪಿದೆ ಅಲ್ವಾ?

ಮುಟ್ಟದೆ ಅಲ್ಲೇ ಬಿಟ್ಟು ಇಲಾಖೆಗೆ ತಿಳಿಸಿ. ಕಾಡುಹಂದಿ, ಮುಳ್ಳುಹಂದಿ, ಹಾವು ಅಂತ ಬರೆದ ಇನ್ನೂ ಐದಾರು ಜನಕ್ಕೂ ಉತ್ತರ ಇದೇ. ಬುರುಡೆ ಬೇಕಾದವರಿಗೆ ಮಟನ್ ಅಂಗಡಿ ಇದೆ, ಕೊಟ್ಟಿಗೆ ಇದೆ.

ತಾತಾ, ನಾನು ಏಳನೇ ಕ್ಲಾಸು. ನಮ್ಮ ಹಿತ್ತಲಲ್ಲಿ ಹೆಗ್ಗಣ ಸತ್ತು ಬಿದ್ದಿದೆ. ಬುರುಡೆ ಬೇಕು. ಅದರ ಮುಂದಿನ ಹಲ್ಲು ಕಿತ್ತಳೆ ಬಣ್ಣ ಇದೆ, ಹೇಗೆ ಬಿಳಿ ಮಾಡುವುದು? — ಶಾಲಾ ಹುಡುಗ, ತಿಪಟೂರು

ಪುಟ್ಟಾ, ಬಂದ ಕಾಗದಗಳ ಇಡೀ ಚೀಲದಲ್ಲಿ ಚೆನ್ನಾಗಿ ನೋಡಿ ಬರೆದವನು ನೀನೊಬ್ಬನೇ. ಹೆಗ್ಗಣದ ಹಲ್ಲು ಇರುವುದೇ ಹಾಗೆ. ಇಲಿಯ ಜಾತಿಯ ಪ್ರಾಣಿಗಳ ಮುಂದಿನ ಹಲ್ಲಿನ ಹೊರಪದರದಲ್ಲಿ ಕಬ್ಬಿಣದ ಅಂಶ ಇರುತ್ತದೆ, ಅದರ ಬಣ್ಣ ಅದು. ಕಬ್ಬಿಣ ಇರುವ ಕಡೆ ಗಟ್ಟಿ, ಹಿಂದಿನ ಕಡೆ ಮೆದು. ಮೆದುವಾದ್ದು ಬೇಗ ಸವೆದು ಹಲ್ಲು ಉಳಿಯಂತೆ ಚೂಪಾಗಿ ಉಳಿಯುತ್ತದೆ.

ನೀನು ಮಾತ್ರ ಬರಿಗೈಯಲ್ಲಿ ಮುಟ್ಟಬೇಡ. ಇಲಿಜ್ವರ ಬರುತ್ತದೆ, ವಿಷ ತಿಂದು ಸತ್ತಿದ್ದೂ ಇರಬಹುದು. ದೊಡ್ಡವರ್ಯಾರಾದರೂ ಗ್ಲೌಸು ಹಾಕಿಕೊಂಡು, ಹಳೇ ಸೊಳ್ಳೆಪರದೆಯ ತುಂಡಿನಲ್ಲಿ ತಲೆಯನ್ನು ಸುತ್ತಿ, ಒಂದು ಹೂಕುಂಡದ ಮರಳಿನಲ್ಲಿ ಹೂಳಲಿ. ಹಿತ್ತಲ ನೆಲದಲ್ಲಿ ಹೂಳಿದರೆ ನಾಯಿ ಎತ್ತಿಕೊಂಡು ಹೋಗುತ್ತದೆ, ಇಲ್ಲವೇ ಜಾಗ ಮರೆತುಹೋಗುತ್ತದೆ. ಕುಂಡದ ಮೇಲೊಂದು ಕಲ್ಲು ಇಡಿ. ವಾರಕ್ಕೊಮ್ಮೆ ನೀರು ಚಿಮುಕಿಸು. ಮೂರು ತಿಂಗಳು ತೆಗೆದು ನೋಡಬಾರದು, ಇದೇ ಕಷ್ಟದ ಭಾಗ. ಆಮೇಲೆ ಪರದೆ ಬಿಚ್ಚಿದರೆ ಎಲ್ಲ ಮೂಳೆಯೂ ಅದರೊಳಗೇ ಇರುತ್ತದೆ. ಸೋಪು ನೀರಿನಲ್ಲಿ ಕೆಲವು ದಿನ ಇಟ್ಟು, ನೆರಳಿನಲ್ಲಿ ಒಣಗಿಸು. ಮುಂದಿನ ಹಲ್ಲು ಜಾರಿ ಹೊರಗೆ ಬಂದರೆ ಹೆದರಬೇಡ, ಅದು ದವಡೆಯೊಳಗೆ ಎಷ್ಟು ಉದ್ದ ಬಾಗಿ ಕೂತಿತ್ತು ಅಂತ ಅಳೆದು ಬರೆದುಕೋ. ಆಮೇಲೆ ಒಂದು ತೊಟ್ಟು ಫೆವಿಕಾಲ್ ಹಾಕಿ ವಾಪಸ್ ಕೂರಿಸು.

ಪೆರಾಕ್ಸೈಡು ಬೇಡವೇ ಬೇಡ. ಮುಗಿದ ಮೇಲೆ ಫೋಟೋ ಕಳಿಸು. ಹಲ್ಲಿನ ಬಣ್ಣ ಕಾಣುವ ಹಾಗೆ, ಬಿಸಿಲಿನಲ್ಲಿ ಹಿಡಿದು ತೆಗಿ.